ಸಂಶೋಧನಾರ್ಥಿಗೆ ಅನಧ್ಯಾಯವುಂಟೆ?

ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಮನುಷ್ಯನ ಕರ್ತವ್ಯಗಳನ್ನು ಒಂದೊಂದಾಗಿ ಹೇಳುವ ಅನುವಾಕವೊಂದಿದೆ. ಸತ್ಯ, ತಪಸ್ಸು, ಇಂದ್ರಿಯನಿಗ್ರಹ, ಅಗ್ನಿಹೋತ್ರ, ಅತಿಥಿಸತ್ಕಾರ ಮೊದಲಾದವುಗಳಲ್ಲಿ ಪ್ರತಿಯೊಂದನ್ನು ಹೇಳುವಾಗಲೂ ಸ್ವಾಧ್ಯಾಯಪ್ರವಚನಗಳನ್ನು, ಎಂದರೆ ತಾನು ಓದುವುದನ್ನೂ ಇತರರಿಗೆ ಓದಿಸುವುದನ್ನೂ, ಬಿಡದೆ ಜೊತೆಗೂಡಿಸಿದೆ. ಕಡೆಯಲ್ಲಿ ಸತ್ಯವೇ ಮುಖ್ಯವೆಂದು ರಾಥೀತರನೂ, ತಪಸ್ಸೇ ಮುಖ್ಯವೆಂದು ಪೌರುಶಿಷ್ಟಿಯೂ, ಸ್ವಾಧ್ಯಾಯಪ್ರವಚನಗಳೇ ಮುಖ್ಯವೆಂದು ನಾಕ ಮೌದ್ಗಲ್ಯನೂ ಅಭಿಪ್ರಾಯಪಡುತ್ತಾರೆ. ಆದರೆ ಇಷ್ಟು ದೀರ್ಘವಾದ ಈ ಪಟ್ಟಿಯಲ್ಲಿ ನಿದ್ರೆಯ ಮಾತಿಲ್ಲ. ಹೀಗಿರುವಲ್ಲಿ, ಓದುವವನೂ ಓದಿಸುವವನೂ ಆದವನಿಗೆ ವಿಶ್ರಾಂತಿಯೆಂಬುದು ಕರ್ತವ್ಯದ ಅಂಗವೋ ಅಥವಾ ಕರ್ತವ್ಯಲೋಪವೋ ಎಂಬ ಶಂಕೆ ಸಹಜವಾಗಿಯೇ ಉದಿಸುತ್ತದೆ.

ಈ ಶಂಕೆ ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. ನಮ್ಮ ಅನೇಕ ಮನೆಗಳಲ್ಲಿ ಇಂದು ಸ್ನಾತಕೋತ್ತರ ಪದವಿಯನ್ನು ಮುಗಿಸಿ ಪಿಎಚ್.ಡಿ.ಗೆ ಸೇರಿದ ಮಗನೋ ಮಗಳೋ ಇದ್ದಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೨೨ರ ನಿಯಮಗಳಂತೆ ಈ ವ್ಯಾಸಂಗಕ್ಕೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷಗಳ ಅವಧಿ. ವಾರಕ್ಕೆ ೪ರಿಂದ ೬ ಗಂಟೆಗಳ ಕಾಲ ಪಾಠ, ಪ್ರಯೋಗಾಲಯ ಮತ್ತು ಮೌಲ್ಯಮಾಪನದ ಕೆಲಸಗಳನ್ನು ಇವರಿಗೆ ವಹಿಸಬಹುದೆಂದೂ ಅದೇ ನಿಯಮ ಹೇಳುತ್ತದೆ. ಕಾಗದದ ಮೇಲಿನ ಈ ಆರು ಗಂಟೆಗಳು ಸಿದ್ಧತೆಯೂ ಉತ್ತರಪತ್ರಿಕೆಗಳ ಕಟ್ಟೂ ಸೇರಿದಾಗ ಎಷ್ಟಾಗುತ್ತವೆ ಎಂಬುದನ್ನು ಪಾಠ ಹೇಳಿದವರೇ ಬಲ್ಲರು. ಇದರ ಮೇಲೆ ಭಾನುವಾರ ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಉಚಿತ ಪಾಠ, ರಕ್ತದಾನ ಶಿಬಿರ, ಶ್ರಾವಣದಲ್ಲಿ ರಾಯರ ಆರಾಧನೆಯ ಮೂರು ದಿನಗಳ ಸೇವೆ. ಒಳ್ಳೆಯ ಹುಡುಗನೆಂದು ಹೆಸರು ಬಂದಷ್ಟೂ ಕರೆಯುವವರು ಹೆಚ್ಚು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಧ್ಯಯನ, ಅಧ್ಯಾಪನ, ಸೇವೆ, ವಿಶ್ರಾಂತಿ ಎಂಬ ಈ ನಾಲ್ಕೂ ಸಮಾನವಾಗಿ ಕಂಡರೂ ಸಮಾನಬಲವುಳ್ಳವಲ್ಲ. ಅಧ್ಯಾಪನಕ್ಕೆ ಎದುರಿನಲ್ಲಿ ಮಕ್ಕಳು ಕುಳಿತಿರುತ್ತಾರೆ. ಸೇವೆಗೆ ಹಿರಿಯರು ಮನೆಯ ಬಾಗಿಲಿಗೇ ಬಂದು ಕರೆಯುತ್ತಾರೆ. ಆದರೆ ಅರ್ಧಕ್ಕೆ ನಿಂತ ಪ್ರಬಂಧದ ಅಧ್ಯಾಯ ಬಂದು ಬಾಗಿಲು ತಟ್ಟುವುದಿಲ್ಲ. ನಿದ್ರೆಯಂತೂ ತನ್ನ ಪಾಲನ್ನು ಕೇಳುವ ನಾಲಿಗೆಯನ್ನೇ ಪಡೆದಿಲ್ಲ. ಆದ್ದರಿಂದ ಕಾಲ ಸಾಲದಾದಾಗ ಮೊದಲು ನಿದ್ರೆ, ಅನಂತರ ಓದು ಕಡಿಮೆಯಾಗುತ್ತವೆ. ಹೀಗೆ ಕಡಿಮೆಯಾದುದು ವಿವೇಚನೆಯಿಂದಲ್ಲ. ಯಾರು ಕರೆದರೋ ಅವರಿಗೇ ನಾವು ಋಣಿಗಳೆಂದು ಭಾವಿಸುವುದರಿಂದ. ಮಾತನಾಡಲಾರದವರ ಋಣವೂ ಋಣವೇ ಎಂಬುದನ್ನು, ಪಿತೃಗಳಿಗೆ ತರ್ಪಣ ಕೊಡುವ ನಾವು ಮರೆಯುವಂತಿಲ್ಲ.

"ಸೇವೆಗೆ ಲೆಕ್ಕವಿಡಬಾರದು, ಲೆಕ್ಕವಿಟ್ಟರೆ ಅದು ಸೇವೆಯೇ ಅಲ್ಲ" ಎಂದು ಪೂರ್ವಪಕ್ಷವನ್ನು ಹಿಡಿಯುವವರುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ರಾಷ್ಟ್ರೀಯ ಸೇವಾ ಯೋಜನೆಯನ್ನು ೧೯೬೯ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, ೩೭ ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದರು. ಅದರ ಲಾಂಛನವು ಕೋನಾರ್ಕದ ರಥಚಕ್ರವನ್ನು ಆಧರಿಸಿದುದು. ಅದರ ಎಂಟು ಅರಗಳು ದಿನದ ೨೪ ಗಂಟೆಗಳನ್ನು, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಷ್ಟಯಾಮಗಳನ್ನು, ಸೂಚಿಸುತ್ತವೆ. ಧರಿಸಿದವನು ಸದಾ ಸೇವೆಗೆ ಸಿದ್ಧನಾಗಿರಬೇಕೆಂಬುದು ಅದರ ಆಶಯ. ಆದರೆ ಅದೇ ಯೋಜನೆಯು ವಿದ್ಯಾರ್ಥಿಯಿಂದ ಅಪೇಕ್ಷಿಸುವ ನಿಯತ ಸೇವೆ ವರ್ಷಕ್ಕೆ ೧೨೦ ಗಂಟೆಗಳು ಮಾತ್ರ. ವಾರಕ್ಕೆ ಹಂಚಿದರೆ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಸಿದ್ಧತೆ ಎಂಟು ಯಾಮಗಳದ್ದು, ಕೆಲಸ ಮಿತವಾದುದು. ಇವೆರಡರಲ್ಲಿ ವಿರೋಧವಿಲ್ಲ. ಮನಸ್ಸಿಗೆ ಮಿತಿಯಿಲ್ಲದಿರಲಿ, ದೇಹಕ್ಕೂ ದಿನಚರಿಗೂ ಮಿತಿಯುಂಟು ಎಂಬುದನ್ನು ಆ ಯೋಜನೆಯನ್ನು ರೂಪಿಸಿದವರು ಅರಿತಿದ್ದರು.

ಇನ್ನು ಶಾಸ್ತ್ರವು ವಿಶ್ರಾಂತಿಯ ವಿಷಯದಲ್ಲಿ ಮೌನವಾಗಿದೆಯೆಂಬುದೂ ಸರಿಯಲ್ಲ. ಅದನ್ನು ಕರ್ತವ್ಯಗಳ ಪಟ್ಟಿಯಲ್ಲಿ ಹುಡುಕಿದರೆ ಸಿಗದು, ಪಂಚಾಂಗದಲ್ಲಿ ಹುಡುಕಬೇಕು. ಪ್ರತಿಪತ್ತು, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಾಯಗಳು. ಪಾಠಶಾಲೆಯಲ್ಲಿ ಓದಿದವರಿಗೆಲ್ಲ ಆ ದಿನಗಳ ಸವಿ ತಿಳಿದೇ ಇರುತ್ತದೆ. ಅಂದು ಹೊಸ ಪಾಠವಿಲ್ಲ, ಬಟ್ಟೆ ಒಗೆದುಕೊಳ್ಳಬಹುದು, ಮನೆಗೆ ಪತ್ರ ಬರೆಯಬಹುದು, ಮಧ್ಯಾಹ್ನ ಮರದ ನೆರಳಲ್ಲಿ ಒರಗಿದರೂ ಯಾರೂ ಎಬ್ಬಿಸುತ್ತಿರಲಿಲ್ಲ. ಇಷ್ಟೇ ಅಲ್ಲ, ಅಕಾಲದಲ್ಲಿ ಗುಡುಗಿದರೆ ಅನಧ್ಯಾಯ. ಶಿಷ್ಟರು ಮನೆಗೆ ಅತಿಥಿಗಳಾಗಿ ಬಂದರೆ ಅನಧ್ಯಾಯ. ಊರಿನಲ್ಲಿ ಶವವಿದ್ದರೂ ಅನಧ್ಯಾಯ. ಬಂದವರ ಸತ್ಕಾರಕ್ಕೂ ನೆರೆಯವರ ದುಃಖಕ್ಕೂ ಓದಿನ ನಡುವೆ ಸ್ಥಾನವನ್ನು ಬಿಟ್ಟವರು ದೇಹದ ದಣಿವಿಗೂ ಸ್ಥಾನ ಬಿಟ್ಟಿದ್ದರು. ಇವನ್ನು ಮೀರಿ ಓದಿದವನಿಗೇನಾಗುತ್ತದೆ? ಸುಂದರಕಾಂಡದಲ್ಲಿ ಹನುಮಂತದೇವರು ಲಂಕೆಯಿಂದ ಮರಳಿ ಬಂದು ಸೀತಾದೇವಿಯ ಸ್ಥಿತಿಯನ್ನು ಕಪಿಗಳಿಗೆ ವರ್ಣಿಸುವಾಗ, ಪ್ರತಿಪತ್ತಿನಂದೂ ಓದುವವನ ವಿದ್ಯೆಯನ್ನು ಆಕೆಯ ಕೃಶತೆಗೆ ಉಪಮಾನವಾಗಿ ಹೇಳುತ್ತಾರೆ. ಓದಿದಷ್ಟೂ ವಿದ್ಯೆ ಪುಷ್ಟವಾಗಬೇಕಲ್ಲವೇ? ಅಲ್ಲ, ಓದಬಾರದ ದಿನ ಓದಿದರೆ ಅದು ಸೊರಗುತ್ತದೆ ಎಂಬುದು ಅಲ್ಲಿನ ಭಾವ. ಓದಿದುದು ನೆನಪಿನಲ್ಲಿ ನೆಲೆಯೂರುವುದಕ್ಕೆ ನಿದ್ರೆ ಅವಶ್ಯವೆಂದು ಇಂದಿನ ವಿಜ್ಞಾನಿಗಳೂ ಹೇಳುತ್ತಾರೆ.

ಅನಧ್ಯಾಯದ ಹೆಚ್ಚಳವೆಂದರೆ ಅದು ಪೂರ್ವನಿಶ್ಚಿತವಾದುದು. ದಣಿದವನಿಗೆ, ಬೇಡಿದವನಿಗೆ, ಅರ್ಹನೆಂದು ತೋರಿಸಿಕೊಂಡವನಿಗೆ ಮಾತ್ರ ಅದು ಸಿಗುವುದಲ್ಲ. ಅಷ್ಟಮಿ ಬಂದರೆ ಗುರುವಿಗೂ ಬಿಡುವು, ಮಂದಬುದ್ಧಿಯ ಶಿಷ್ಯನಿಗೂ ಬಿಡುವು. ಆದ್ದರಿಂದಲೇ ಅಂದು ಯಾರಿಗೂ ತಪ್ಪಿತಸ್ಥನ ಭಾವನೆಯಿರಲಿಲ್ಲ. ಅರ್ಚಕರ ಮನೆಯಲ್ಲಿ ಬೆಳೆದ ನಾನು ಇದನ್ನು ಇನ್ನೊಂದು ಬಗೆಯಲ್ಲಿಯೂ ಕಂಡಿದ್ದೇನೆ. ಮಧ್ಯಾಹ್ನದ ಮಹಾಪೂಜೆ, ತೀರ್ಥಪ್ರಸಾದಗಳು ಮುಗಿದ ಮೇಲೆ ಗರ್ಭಗುಡಿಯ ಬಾಗಿಲು ಮುಚ್ಚುತ್ತದೆ. ದೂರದಿಂದ ಬಂದ ಭಕ್ತರಾಗಲಿ, ದೊಡ್ಡ ಅಧಿಕಾರಿಗಳಾಗಲಿ, ಸಂಜೆಯವರೆಗೆ ಕಾಯುತ್ತಾರೆ. "ಸ್ವಾಮಿಗೆ ಭಕ್ತರ ಮೇಲೆ ಕರುಣೆಯಿಲ್ಲ" ಎಂದು ಯಾರೂ ಆಡಿಕೊಳ್ಳುವುದಿಲ್ಲ. ದೇವರಿಗೆ ಸಲ್ಲುವ ಈ ಮರ್ಯಾದೆಯ ಒಂದಂಶವಾದರೂ ಓದುವ ಹುಡುಗನ ಕೋಣೆಯ ಬಾಗಿಲಿಗೆ ಸಲ್ಲಬಾರದೆ?

ಇಂದಿನ ಸಂಶೋಧನಾರ್ಥಿಗೆ ಅನಧ್ಯಾಯವೇ ಇಲ್ಲವೆಂದಲ್ಲ. ಅನುದಾನ ಆಯೋಗದ ಕಿರಿಯ ಸಂಶೋಧನಾ ವೇತನವನ್ನು ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿಗಳಿಗೆ ಏರಿಸಿದರು. ಆ ವೇತನ ಪಡೆಯುವವರು ಸಾರ್ವಜನಿಕ ರಜೆಗಳಲ್ಲದೆ ವರ್ಷಕ್ಕೆ ೩೦ ದಿನಗಳವರೆಗೆ ರಜೆ ಪಡೆಯಬಹುದು. ಬೇಸಗೆಯ ದೀರ್ಘ ರಜೆ ಮಾತ್ರ ಅವರಿಗಿಲ್ಲ. ಈ ಮೂವತ್ತು ದಿನಗಳನ್ನು ಕೇಳುವುದಕ್ಕೇ ಸಂಕೋಚಪಡುವವರನ್ನು ನಾನು ಬಲ್ಲೆ. ಕೇಳಿ ಪಡೆದು ಊರಿಗೆ ಬಂದವರಾದರೂ ವಿಶ್ರಮಿಸುತ್ತಾರೆಯೇ? ಮಗಳು ಬಂದಳೆಂದರೆ, ಹೇಗೂ ಬಿಡುವಾಗಿದ್ದಾಳೆಂದು ಹಬ್ಬದ ಮಡಿ ಅಡಿಗೆಯೆಲ್ಲ ಅವಳ ಪಾಲಿಗೆ ಬೀಳುತ್ತದೆ. ಅವಳ ರಜೆ ಮನೆಯವರ ಅನುಕೂಲಕ್ಕಾಗಿ ಮಂಜೂರಾದುದಲ್ಲ ಎಂಬುದನ್ನು ತಾಯಂದಿರು ಕೋಪಿಸಿಕೊಳ್ಳದೆ ಚಿಂತಿಸಬೇಕು.

ವೇತನವಿಲ್ಲದವರ ಸ್ಥಿತಿ ಇದಕ್ಕಿಂತ ಕಠಿನ. ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಲೇ ಪ್ರಬಂಧ ಬರೆಯುವವರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಅವರಿಗೆ ಅಧ್ಯಾಪನವೆಂಬುದು ಅನ್ನದ ಪ್ರಶ್ನೆ. "ಪಾಠವನ್ನು ಕಡಿಮೆ ಮಾಡು" ಎಂಬ ಉಪದೇಶ ಅವರ ಮುಂದೆ ನಗೆಪಾಟಲಾಗುತ್ತದೆ. ಅಂಥವರು ಒಂದು ವರ್ಷ ಯಾವ ಸೇವಾಸಮಿತಿಗೂ ಹೆಸರು ಕೊಡದಿದ್ದರೆ ಅದು ಸ್ವಾರ್ಥವಲ್ಲವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಮನೆಯ ದೀಪದ ಎಣ್ಣೆಯನ್ನು ತೆಗೆದು ಗುಡಿಗೆ ಕೊಡಬೇಕೆಂದು ಯಾವ ಧರ್ಮವೂ ಹೇಳಲಾರದು.

ಉಳಿದವರು ಮಾತ್ರ ಹಿಂಜರಿಯಬೇಕಾದುದು ಮಾತು ಕೊಡುವಾಗ, ಕೊಟ್ಟ ಮೇಲಲ್ಲ. ಸೇವೆಯು ಸ್ವಇಚ್ಛೆಯದೆಂಬುದು ಒಪ್ಪಿಕೊಳ್ಳುವ ಕ್ಷಣದವರೆಗೆ ಮಾತ್ರ ನಿಜ. ಭಾನುವಾರ ಬರುತ್ತೇನೆಂದು ಹತ್ತು ಮಕ್ಕಳಿಗೆ ಹೇಳಿದ ಮೇಲೆ ಅದು ಸಾಲ. ಆ ಮಕ್ಕಳ ಎದುರು ತೂಕಡಿಸುತ್ತ ಕುಳಿತರೆ ಸಾಲ ತೀರಿದಂತಾಗದು. ಆದ್ದರಿಂದ ನಾಲ್ಕು ಕಡೆ ಒಪ್ಪಿ ಎರಡು ಕಡೆ ತಪ್ಪಿಸಿಕೊಳ್ಳುವ ಉದಾರಿಗಿಂತ, ಮೂರು ಕಡೆ ವಿನಯದಿಂದ ನಿರಾಕರಿಸಿ ಒಂದು ಕಡೆ ಪೂರ್ಣವಾಗಿ ನಿಲ್ಲುವ ಜಿಪುಣನೇ ಮೇಲು. ವಾರದಲ್ಲಿ ಒಂದು ದಿನವನ್ನು, ಅಷ್ಟಮಿಯಂತೆ, ಮೊದಲೇ ಗುರುತಿಸಿ ಎಲ್ಲರಿಗೂ ತಿಳಿಸಿಬಿಟ್ಟರೆ ಪ್ರತಿ ಸಲವೂ ಕಾರಣ ಹೇಳುವ ಕಷ್ಟವೂ ತಪ್ಪುತ್ತದೆ.

ಕೇಳುವವರಾದ ನಮಗೂ ಇಲ್ಲಿ ಕರ್ತವ್ಯವಿದೆ. ಆರಾಧನೆಯ ಸ್ವಯಂಸೇವಕರ ಪಟ್ಟಿಯಲ್ಲಿ ಹೆಸರಿನ ಮುಂದೆ ಬರಬೇಕಾದ ಹೊತ್ತನ್ನು ಬರೆಯುತ್ತೇವೆ, ಹೊರಡಬೇಕಾದ ಹೊತ್ತನ್ನು ಬರೆಯುವುದಿಲ್ಲ. ಓದುವ ಮಕ್ಕಳ ಹೆಸರಿನ ಮುಂದೆ ಅದನ್ನೂ ಬರೆಯೋಣ. ಮಧ್ಯಾರಾಧನೆಯಂದು ಎರಡನೆಯ ಪಂಕ್ತಿಗೆ ಬಡಿಸಿ ಮುಗಿಸಿದ ಹುಡುಗನ ಕೈಯಿಂದ ಸೌಟನ್ನು ತೆಗೆದುಕೊಂಡು, ಅವನನ್ನೇ ಎಲೆಯ ಮುಂದೆ ಕೂರಿಸಿ ಊಟಮಾಡಿಸಿ, ಸಂಜೆಯ ಬಸ್ಸಿಗೆ ಹೊರಡಿಸುವ ಹೊಣೆಯನ್ನು ಪಂಕ್ತಿಯ ಹಿರಿಯರಲ್ಲಿ ಒಬ್ಬರು ವಹಿಸಿಕೊಳ್ಳಲಿ.