ರಾಜನ ಊಟ, ಸುದಸ್ಸನನ ದನಿ

*ದಿನದ ಧಮ್ಮ ಚಿಂತನೆ*



ಕೋಸಲದ ರಾಜ ಪಸೇನದಿ ಕೊಳಗದ ಲೆಕ್ಕದಲ್ಲಿ ಅನ್ನ ಉಣ್ಣುತ್ತಿದ್ದ. ಒಂದು ದಿನ ಹಾಗೆ ಉಂಡು, ಏದುಸಿರು ಬಿಡುತ್ತ ಭಗವಾನ್ ಬುದ್ಧರ ಬಳಿ ಬಂದು ಕೂತ. ಭಗವಾನರು ಬೈಯಲಿಲ್ಲ, ಉಪವಾಸ ಮಾಡು ಎನ್ನಲಿಲ್ಲ. ಎಚ್ಚರದಿಂದ ಅಳತೆಯರಿತು ಉಣ್ಣುವವನ ಮೈ ಹಗುರ, ಮುಪ್ಪು ನಿಧಾನ ಎಂಬ ಅರ್ಥದ ಒಂದು ಗಾಥೆ ಹೇಳಿದರು, ಅಷ್ಟೆ. ರಾಜನ ಹಿಂದೆ ಸುದಸ್ಸನ ಎಂಬ ಹುಡುಗ ನಿಂತಿದ್ದ. "ಮಗು, ಈ ಗಾಥೆ ಕಲಿತುಕೋ. ನಾನು ಊಟಕ್ಕೆ ಕೂತಾಗಲೆಲ್ಲ ಹೇಳು. ದಿನಕ್ಕೆ ನೂರು ಕಹಾಪಣ ಕೊಡುತ್ತೇನೆ" ಎಂದ ರಾಜ. ಹುಡುಗ ಹೇಳುತ್ತಾ ಹೋದ, ರಾಜನ ಅನ್ನ ಇಳಿಯುತ್ತಾ ಬಂತು, ಕೊನೆಗೆ ಒಂದು ನಾಳಿಗೆ ನಿಂತಿತು. ಸಂಯುತ್ತ ನಿಕಾಯದ ದೋಣಪಾಕ ಸುತ್ತದಲ್ಲಿ ಈ ಕತೆ ಇದೆ.

ನೆನಪಿಸು ಎಂದು ಕೇಳಿಕೊಂಡವನು ಸ್ವತಃ ಉಣ್ಣುವವನೇ. ಯಾರೂ ಅವನ ತಟ್ಟೆಗೆ ಕಾವಲು ಹಾಕಲಿಲ್ಲ. ಮನೆಯಲ್ಲಿ ಹದಿನಾಲ್ಕು, ಹದಿನೈದರ ಮಕ್ಕಳಿರುವವರು ಇದನ್ನು ಎರಡು ಸಲ ಓದಿ.

ಆ ಮಕ್ಕಳ ಕೈಯಲ್ಲಿರುವ ಮೊಬೈಲು ಸುದಸ್ಸನನ ಕೆಲಸ ಮಾಡಬಲ್ಲದು. ಸದ್ಯಕ್ಕೆ ಅದರ ತದ್ವಿರುದ್ಧ ಮಾಡುತ್ತಿದೆ. ರೀಲ್ಸ್ ನೋಡುತ್ತ ಉಣ್ಣುವ ಮಗುವಿಗೆ ತಟ್ಟೆ ಖಾಲಿಯಾದದ್ದೂ ತಿಳಿಯದು. ನಡುನಡುವೆ ಚಿಪ್ಸು, ಕೋಲಾದ ಜಾಹೀರಾತು ಬೇರೆ. ಕಿತ್ತುಕೊಂಡು ಬೀರುವಿನಲ್ಲಿಟ್ಟರೆ ಜಗಳ ಬಿಟ್ಟು ಬೇರೇನೂ ಸಿಗುವುದಿಲ್ಲ. ಅದೇ ಮೊಬೈಲಿನಲ್ಲಿ ಬಾಟಲಿಯ ಹಿಂದಿನ ಸಣ್ಣ ಅಕ್ಷರದ ಫೋಟೊ ತೆಗೆದು, ದೊಡ್ಡದು ಮಾಡಿ ಓದಲಿ. 100 ಮಿ.ಲೀ.ಗೆ ಸಕ್ಕರೆ 10 ಗ್ರಾಂ ಎಂದಿದ್ದರೆ 250 ಮಿ.ಲೀ. ಬಾಟಲಿಯಲ್ಲಿ 25 ಗ್ರಾಂ. ಟೀ ಚಮಚಕ್ಕೆ 4 ಗ್ರಾಂ ಹಿಡಿದರೆ ಆರು ಚಮಚ! ಮನೆಯ ಟೀಗೆ ಅಮ್ಮ ಆರು ಚಮಚ ಹಾಕಿಕೊಟ್ಟರೆ ಯಾವ ಮಗುವೂ ಕುಡಿಯದು. ಈ ಲೆಕ್ಕವನ್ನು ನಾವು ಮಾಡಿ ಹೇಳಬಾರದು, ಅವರೇ ಮಾಡಬೇಕು. ಕೇಳಿ ನಂಬಬೇಡಿ, ನೀವೇ ಪರೀಕ್ಷಿಸಿ ನೋಡಿ ಎಂಬುದಲ್ಲವೇ ನಮ್ಮ ದಾರಿ?

ಉಂಡದ್ದನ್ನೆಲ್ಲ ಬರೆಸಿಕೊಂಡು ಕ್ಯಾಲೊರಿ ಎಣಿಸುವ ಆ್ಯಪ್‌ಗಳ ಬಗ್ಗೆ ಮಾತ್ರ ನನಗೆ ಅಳುಕಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಅಂಥ ಹುಡುಗಿಯ ಪರದೆಯಲ್ಲಿ ಕೆಂಪು ಗೆರೆ ಮೂಡಿ, ಇವತ್ತಿನ ಮಿತಿ ಮೀರಿತು ಎಂದರೆ ಅವಳು ರಾತ್ರಿಯೂಟ ಬಿಡುತ್ತಾಳೆ. ಭಿಕ್ಖುಗಳು ಆಹಾರದ ಬಗ್ಗೆ ಮಾಡುವ ಪಚ್ಚವೇಕ್ಖಣದಲ್ಲಿ ಈ ಊಟ ಮೋಜಿಗಲ್ಲ, ಚೆಂದ ಕಾಣುವುದಕ್ಕಲ್ಲ, ಮೈ ನಡೆಯಲಿ ಎಂದು ಮಾತ್ರ ಎಂಬ ಎಚ್ಚರವಿದೆ. ಅಳತೆ ಅರಿಯುವುದೆಂದರೆ ಕಡಿಮೆ ಉಣ್ಣುವುದಲ್ಲ. ರಾಜನಿಗೆ ಹೆಚ್ಚಾಗಿತ್ತು, ನಮ್ಮ ಹುಡುಗಿಗೆ ಕಡಿಮೆಯಾಗಿದೆ.

ಇನ್ನೊಂದು ಸಂಗತಿ ನಮ್ಮಂಥವರ ಮನೆಗಳಿಗೇ ತಟ್ಟುವಂಥದ್ದು. ಆರೋಗ್ಯಕರ ಆಹಾರದ ಹೆಸರಿನಲ್ಲಿ ಒಂದು ಕಡೆ ಮಕ್ಕಳಿಗೆ ರಾತ್ರಿಯೂಟದ ತಟ್ಟೆಯ ಫೋಟೊವನ್ನು ತರಗತಿಯ ಗ್ರೂಪಿಗೆ ಹಾಕಲು ಹೇಳಿದ್ದರು. ಮನೆಯಲ್ಲಿ ದನದ ಮಾಂಸದ ಸಾರು ಮಾಡಿದ್ದರೂ ಒಬ್ಬಳು ಬರಿ ಅನ್ನ, ಮೊಸರಿನ ಫೋಟೊ ಕಳಿಸಿದಳು. ಆಮಗಂಧ ಸುತ್ತ ಏನು ಹೇಳುತ್ತದೆ? ನಾರುವುದು ಮಾಂಸವಲ್ಲ, ಕೊಲೆ, ಕಳವು, ಸುಳ್ಳು, ವಂಚನೆಗಳು ನಾರುತ್ತವೆ. ಬಾಬಾಸಾಹೇಬರು ಈ ವಿಚಾರವನ್ನು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ. ಮಗುವಿನ ತಟ್ಟೆಯ ಚಿತ್ರ ಮಗುವಿನ ಮೊಬೈಲಿನಲ್ಲೇ ಇರಲಿ. ನಾಲ್ಕು ಜನರ ಮುಂದೆ ಅಂಕ ಹಾಕುವ ವಸ್ತು ಅದಲ್ಲ.

ಇನ್ನು ಹಸಿವು. ಆಳವಿಯಲ್ಲಿ ತಪ್ಪಿಸಿಕೊಂಡ ಎತ್ತನ್ನು ಹುಡುಕಿ ಅಲೆದು, ಹಸಿದು ಬಂದ ರೈತನಿಗಾಗಿ ಭಗವಾನರು ಕಾದರು. ಮೊದಲು ಅವನಿಗೆ ಉಣ್ಣಲು ಕೊಡಿಸಿ, ಆಮೇಲೆ ಧಮ್ಮ ಹೇಳಿದರು. ತಟ್ಟೆಯಲ್ಲಿ ಏನೂ ಇಲ್ಲದ ಮನೆಗೆ ಆ್ಯಪ್ ಕಳಿಸಿ ಫಲವಿಲ್ಲ. ಶಾಲೆಯಲ್ಲಿ ಕೊಡುವ ಮೊಟ್ಟೆಯನ್ನು ಮಗು ತಿನ್ನುತ್ತಿದೆಯೇ, ಯಾರೋ ಮೂಗು ಮುರಿದರೆಂದು ಬಿಡುತ್ತಿದೆಯೇ, ಮೆಲ್ಲಗೆ ಕೇಳಿ. ರಾಗಿಮುದ್ದೆ ಬಡವರೂಟ ಎಂದು ನಾಚುತ್ತಿದ್ದರೆ ಮೊಬೈಲಿನಲ್ಲೇ ಹುಡುಕಿ ನೋಡಲಿ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಅದರ ಸಣ್ಣ ಪಾಲೂ ಇಲ್ಲ.

ಇವತ್ತು ರಾತ್ರಿ ಮಕ್ಕಳಿಗೆ ಪಸೇನದಿಯ ಕತೆ ಹೇಳಿ. ಅವರದೇ ದನಿಯಲ್ಲಿ ಒಂದು ಮಾತು ರೆಕಾರ್ಡ್ ಮಾಡಿ, ಊಟದ ಹೊತ್ತಿಗೆ ಅಲಾರಂ ಇಟ್ಟುಕೊಳ್ಳಲಿ. "ಸೊಪ್ಪಿನ ಸಾರಿಗೆ ನಿಂಬೆ ಹಿಂಡು", "ಉಂಡ ಕೂಡಲೇ ಟೀ ಬೇಡ", ಇಲ್ಲವೇ ಬರಿ "ಮೊಬೈಲ್ ಕೆಳಗಿಡು". ಮಾತು ಅವರೇ ಆರಿಸಲಿ, ನಾವು ತಿದ್ದುವುದು ಬೇಡ. ಭಾನುವಾರ ವಂದನೆಗೆ ಬರುವಾಗ ಮಕ್ಕಳನ್ನೂ ಕರೆತನ್ನಿ. ಯಾರ ಸುದಸ್ಸನ ಏನು ಹೇಳಿದ ಎಂದು ಕೇಳೋಣ. ನೂರು ಕಹಾಪಣವಿಲ್ಲ, ಬೇಯಿಸಿದ ಕಡಲೆಕಾಯಿ ಇರುತ್ತದೆ.

ಜೈಭೀಮ್.