ನಂಬರ್ ಮುಚ್ಚಿಡುವ ಹಕ್ಕು ಯಾರಿಗೆ ಬೇಕು?

ಬೇಕರಿಯ ಮುಂದೆ, ಮೆಡಿಕಲ್ ಶಾಪಿನ ಪಕ್ಕದಲ್ಲಿ ತೂಗುಹಾಕಿರುತ್ತಿದ್ದ ಕಾಯಿನ್ ಬಾಕ್ಸ್ ಫೋನುಗಳು ಕಾಣೆಯಾಗಿ ವರ್ಷಗಳೇ ಆದವು. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳೂ ಹೋದವು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅವುಗಳಿಗಾಗಿ ಯಾರೂ ಮರುಗಲಿಲ್ಲ. ಆದರೆ ಆ ಡಬ್ಬಿಗಳ ಜೊತೆಗೆ ಒಂದು ಅನುಕೂಲವೂ ಸದ್ದಿಲ್ಲದೆ ಹೊರಟುಹೋಯಿತು. ಗಂಡನ ಮನೆಯಲ್ಲಿ ಏಟು ತಿಂದ ಹೆಣ್ಣುಮಗಳು ತರಕಾರಿ ತರುವ ನೆಪದಲ್ಲಿ ಹೊರಗೆ ಬಂದು, ಒಂದು ರೂಪಾಯಿ ನಾಣ್ಯ ಹಾಕಿ ವಕೀಲರ ಹತ್ತಿರ ಮಾತಾಡಬಹುದಿತ್ತು. ಕಚೇರಿಯಲ್ಲಿ ನಡೆಯುತ್ತಿದ್ದ ಅಕ್ರಮ ಕಂಡ ಗುಮಾಸ್ತ ಪತ್ರಿಕೆಗೆ ಸುಳಿವು ಕೊಡಬಹುದಿತ್ತು. ಯಾರಾದರೂ ಮರಳಿ ಆ ನಂಬರಿಗೆ ಕರೆ ಮಾಡಿದರೆ ಎತ್ತುತ್ತಿದ್ದವನು ಬೇಕರಿಯವನು. ಹೆಸರಿಲ್ಲದೆ ಮಾತಾಡುವ ಅವಕಾಶ ಬಡವರಿಗೂ ಒಂದು ರೂಪಾಯಿಗೆ ಸಿಗುತ್ತಿತ್ತು.

ಇವತ್ತು ಕರೆ ಹೋದರೆ ಜೊತೆಗೆ ನಂಬರೂ ಹೋಗುತ್ತದೆ. ನಂಬರ್ ಎಂದರೆ ಬರೀ ಹತ್ತು ಅಂಕಿ ಅನ್ನುವ ಕಾಲ ಮುಗಿದಿದೆ. ಅದನ್ನು ಯುಪಿಐ ಆ್ಯಪಿನಲ್ಲಿ ಹಾಕಿದರೆ ಬ್ಯಾಂಕಿನಲ್ಲಿರುವ ಹೆಸರು ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹುಡುಕಿದರೆ ಫೋಟೊ, ಒಮ್ಮೊಮ್ಮೆ ಮಕ್ಕಳ ಫೋಟೊ ಕೂಡ. ಕರೆ ಮಾಡಿದವರ ಹೆಸರು ಹೇಳುವ ಆ್ಯಪುಗಳಂತೂ, ನಮ್ಮನ್ನು ಬೇರೆಯವರು ಅವರ ಫೋನಿನಲ್ಲಿ ಹೇಗೆ ಬರೆದುಕೊಂಡಿದ್ದಾರೋ ಹಾಗೆಯೇ ಜಗತ್ತಿಗೆ ತೋರಿಸಬಲ್ಲವು. ಹತ್ತು ಮನೆಯ ಪಾತ್ರೆ ತೊಳೆಯುವ ಹೆಂಗಸೊಬ್ಬಳು ಮಗನ ಶಾಲೆಗೆ ಫೋನ್ ಮಾಡಿದರೆ ಅಲ್ಲಿ ಮೂಡುವುದು ಅವಳ ಹೆಸರಲ್ಲ, ‘ಕೆಲಸದವಳು’ ಎಂದು. ಇಷ್ಟೆಲ್ಲ ಕೊಟ್ಟ ಮೇಲೆಯೇ ನೀನು ಇನ್ನೊಬ್ಬರ ಹತ್ತಿರ ಮಾತಾಡಬೇಕು ಎಂದು ಕಟ್ಟುಪಾಡು ಮಾಡುವುದು ನ್ಯಾಯವೇ?

ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಕರೆ ಮಾಡುವವರಿಗೆ, ಅದರಲ್ಲೂ ಸಾಮಾನ್ಯ ವ್ಯಕ್ತಿಗಳಿಗೆ, ತಮ್ಮ ನಂಬರ್ ಎದುರಿನವರಿಗೆ ಕಾಣದಂತೆ ಇಟ್ಟುಕೊಳ್ಳುವ ಅವಕಾಶ ಇರಬೇಕು. ‘ಒಳ್ಳೆಯವರು ನಂಬರ್ ಯಾಕೆ ಮುಚ್ಚಬೇಕು’ ಎಂದು ಕೇಳುವವರಿದ್ದಾರೆ. ಅವರು ಒಂದು ದಿನ ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಓಡಾಡಬೇಕು.

ನಮ್ಮ ಬಡಾವಣೆಗೆ ಬರುವ ಆಶಾ ಕಾರ್ಯಕರ್ತೆಯ ಕೈಚೀಲದಲ್ಲಿ ಒಂದು ದಪ್ಪ ರಿಜಿಸ್ಟರ್, ತಾಯಿ ಕಾರ್ಡುಗಳ ಕಂತೆ, ಮೂಲೆ ಒಡೆದ ಒಂದು ಫೋನ್. ಫೋನು ಅವರ ಸ್ವಂತದ್ದು. ಬಸುರಿಯರಿಗೆ ತಪಾಸಣೆಯ ದಿನ ಹೇಳಬೇಕು, ಮಗುವಿಗೆ ಚುಚ್ಚುಮದ್ದಿನ ತಾರೀಕು ನೆನಪಿಸಬೇಕು, ಟಿಬಿ ಮಾತ್ರೆ ನುಂಗಿದರೋ ಇಲ್ಲವೋ ಕೇಳಬೇಕು. ಎಷ್ಟೋ ಮನೆಗಳಲ್ಲಿ ಹೆಂಗಸರಿಗೆ ಬೇರೆ ಫೋನ್ ಇರುವುದಿಲ್ಲ. ಎತ್ತುವವರು ಗಂಡ, ಮೈದುನ, ಇಲ್ಲವೇ ಪಕ್ಕದ ಮನೆಯ ಹುಡುಗ. ನಂಬರ್ ಅಲ್ಲೇ ಉಳಿಯುತ್ತದೆ. ರಾತ್ರಿ ಹತ್ತರ ಮೇಲೆ ಮಿಸ್ಡ್ ಕಾಲ್ ಶುರು, ಆಮೇಲೆ ‘ಗುಡ್ ನೈಟ್’ ಚಿತ್ರಗಳು, ಆಮೇಲೆ ಇಲ್ಲಿ ಬರೆಯಲಾಗದ ಮಾತುಗಳು. ‘ಫೋನ್ ಮಾಡ್ದೇ ಇದ್ರೆ ಕೆಲ್ಸ ಆಗಲ್ಲ ಸಾರ್, ಮಾಡಿದ್ರೆ ನಂಬರ್ ಊರೆಲ್ಲ ಸುತ್ತುತ್ತೆ. ಮನೇಲಿ ಯಜಮಾನ್ರು ಯಾರದು ಯಾರದು ಅಂತ ಕೇಳ್ತಾರೆ’ ಎಂದು ಅವರು ಹೇಳಿದ್ದರು. ನಂಬರ್ ಬದಲಿಸಿದರೆ ಬ್ಯಾಂಕು, ಆಧಾರ್, ಪಡಿತರ ಚೀಟಿ ಎಲ್ಲದರಲ್ಲೂ ಬದಲಿಸಬೇಕು. ಹಾಗಾಗಿ ಬ್ಲಾಕ್ ಮಾಡುತ್ತ, ಸಹಿಸುತ್ತ ದಿನ ದೂಡುತ್ತಾರೆ. ಇದೇ ಪಾಡು ಅಂಗನವಾಡಿ ಕಾರ್ಯಕರ್ತೆಯರದು, ಶಾಲಾ ಶಿಕ್ಷಕಿಯರದು, ಸಮೀಕ್ಷೆಗೆ ಹೋಗುವ ಹುಡುಗಿಯರದು. ಉತ್ತರ ಪ್ರದೇಶದಲ್ಲಿ ರೀಚಾರ್ಜ್ ಅಂಗಡಿಗಳಿಂದಲೇ ಯುವತಿಯರ ನಂಬರುಗಳು ಹಣಕ್ಕೆ ಮಾರಾಟವಾಗುತ್ತಿದ್ದುದು 2017ರಲ್ಲಿ ಬಯಲಾಗಿತ್ತು. ಹೆಣ್ಣಿನ ನಂಬರಿಗೆ ಬೆಲೆ ಕಟ್ಟುವ ಸಮಾಜದಲ್ಲಿ ಅದನ್ನು ಮರೆಮಾಡಲು ಒಂದು ಗುಂಡಿಯಾದರೂ ಬೇಡವೇ?

ಈ ಪ್ರಶ್ನೆಯನ್ನು ಅಮೆರಿಕ ನಮಗಿಂತ ಬಹಳ ಮೊದಲೇ ಎದುರಿಸಿತು. ಕರೆ ಮಾಡಿದವರ ನಂಬರ್ ತೋರಿಸುವ ಸೇವೆ ಅಲ್ಲಿ 1987ರಲ್ಲಿ ನ್ಯೂಜೆರ್ಸಿಯಲ್ಲಿ ಶುರುವಾಯಿತು. ಅಶ್ಲೀಲ ಕರೆ ಮಾಡುವವರ ಕಾಟ ತಪ್ಪುತ್ತದೆ ಎಂಬುದು ಫೋನ್ ಕಂಪನಿಗಳ ಮಾತು. ಅದು ಸುಳ್ಳಲ್ಲ. ಆದರೆ ನಂಬರ್ ಮುಚ್ಚಲು ಬಿಟ್ಟರೆ ಈ ಸೇವೆಗೆ ದುಡ್ಡು ಕೊಡುವವರು ಯಾರು ಎಂಬ ಲೆಕ್ಕವೂ ಅವರಿಗಿತ್ತು. ವಿರೋಧ ಬಂದದ್ದು, ಹೊಡೆತ ತಿಂದು ಮನೆ ಬಿಟ್ಟುಬಂದ ಹೆಂಗಸರಿಗೆ ಆಸರೆ ಕೊಡುತ್ತಿದ್ದ ಸಂಸ್ಥೆಗಳಿಂದ. ಆಸರೆಮನೆಯಿಂದ ತಾಯಿಯೊಬ್ಬಳು ಮಕ್ಕಳ ಹತ್ತಿರ ಮಾತಾಡಲು ಗಂಡನ ಮನೆಗೆ ಫೋನ್ ಮಾಡಿದರೆ, ಅವಳು ಎಲ್ಲಿ ಅಡಗಿದ್ದಾಳೆ ಎಂಬುದನ್ನು ಅಲ್ಲಿನ ಫೋನಿಗೆ ಜೋಡಿಸಿದ ಪೆಟ್ಟಿಗೆಯಲ್ಲಿ ಮೂಡುವ ನಂಬರೇ ಹೇಳಿಬಿಡುತ್ತದೆ ಎಂದು ಅವು ವಾದಿಸಿದವು. ಪೆನ್ಸಿಲ್ವೇನಿಯಾದ ನ್ಯಾಯಾಲಯವಂತೂ 1990ರಲ್ಲಿ ಈ ಸೇವೆಯೇ ಆ ರಾಜ್ಯದ ಫೋನ್ ಕದ್ದಾಲಿಕೆ ಕಾನೂನಿಗೆ ವಿರುದ್ಧ ಎಂದಿತು. 1992ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೊನೆಗೆ 1995ರಲ್ಲಿ ಇಡೀ ದೇಶಕ್ಕೆ ಒಂದು ನಿಯಮ ಬಂತು. ನಂಬರಿನ ಮುಂದೆ ನಕ್ಷತ್ರ ಗುರುತು ಮತ್ತು 67 ಒತ್ತಿದರೆ ಆ ಒಂದು ಕರೆಗೆ ನಂಬರ್ ಕಾಣದು, ಇದಕ್ಕೆ ಶುಲ್ಕವಿಲ್ಲ. ಬ್ರಿಟನ್ನಿನಲ್ಲಿ 1994ರಲ್ಲಿ ಈ ಸೇವೆ ಬಂದಾಗ ಮುಚ್ಚುವ ದಾರಿಯೂ ಜೊತೆಗೇ ಬಂತು. ಅಲ್ಲಿ ಮೊದಲು 141 ಒತ್ತಬೇಕು.

ನಮ್ಮಲ್ಲಿಯೂ ಫೋನಿನ ಸೆಟ್ಟಿಂಗ್ಸ್ ತೆರೆದು ನೋಡಿದರೆ ‘ನಂಬರ್ ಮರೆಮಾಡು’ ಎಂಬ ಆಯ್ಕೆ ಕಾಣುತ್ತದೆ. ಸಾಮಾನ್ಯ ಸಿಮ್‌ನಲ್ಲಿ ಅದು ಕೆಲಸ ಮಾಡುವುದಿಲ್ಲ. ಫೋನು ತಯಾರು, ಜಾಲ ಒಪ್ಪುವುದಿಲ್ಲ. ಹಾಗಂತ ಈ ಸೌಲಭ್ಯ ಭಾರತದಲ್ಲಿ ಇಲ್ಲವೆಂದಲ್ಲ. ಸಿಎಲ್ಐಆರ್ ಎಂಬ ಹೆಸರಿನಲ್ಲಿ ಇದೆ, ಸರ್ಕಾರ ಅನುಮತಿಸಿದ ಕೆಲವರಿಗೆ ಮಾತ್ರ: ಭದ್ರತೆಯ ಕೆಲಸದಲ್ಲಿರುವವರು, ಗಣ್ಯ ವ್ಯಕ್ತಿಗಳು. ಭದ್ರತೆಯವರಿಗೆ ಬೇಕು, ಒಪ್ಪುತ್ತೇನೆ. ಆದರೆ ಒಟ್ಟಾರೆ ನೋಡಿದರೆ, ಪಹರೆ ಇರುವವರಿಗೆ ಮರೆಯೂ ಇದೆ, ಏನೂ ಇಲ್ಲದವರಿಗೆ ಅದೂ ಇಲ್ಲ. ಈ ವಿಷಯದಲ್ಲಿ ನನಗೆ ಅತ್ಯಂತ ನೋವು ಕೊಡುವುದು ಇದೇ.

ಮೋಸದ ಕರೆಗಳ ಕಾಲದಲ್ಲಿ ಇಂಥ ಸೌಲಭ್ಯ ಎಲ್ಲರಿಗೂ ಕೊಟ್ಟರೆ ಗತಿಯೇನು ಎಂಬ ಭಯ ಸಹಜ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ನಿವೃತ್ತರ ಜೀವಮಾನದ ಉಳಿತಾಯವನ್ನೇ ದೋಚುತ್ತಿದ್ದಾರೆ. ಪ್ರಧಾನಿ 2024ರ ಅಕ್ಟೋಬರಿನ ‘ಮನ್ ಕಿ ಬಾತ್’ನಲ್ಲಿ ಇದರ ಬಗ್ಗೆಯೇ ಎಚ್ಚರಿಸಬೇಕಾಯಿತು. ಆದರೆ ಗಮನಿಸಿ, ಮೋಸಗಾರ ನಂಬರ್ ಮುಚ್ಚುವುದಿಲ್ಲ. ಮುಚ್ಚಿದರೆ ಯಾರೂ ಎತ್ತುವುದಿಲ್ಲವೆಂದು ಅವನಿಗೆ ಗೊತ್ತು. ಅವನು ನಂಬರ್ ತೋರಿಸುತ್ತಾನೆ, ಸುಳ್ಳು ನಂಬರ್. 2021ರ ಜೂನಿನಲ್ಲಿ ಬೆಂಗಳೂರು ಪೊಲೀಸರೂ ಸೇನಾ ಗುಪ್ತಚರ ವಿಭಾಗದವರೂ ಸೇರಿ ಒಂದು ಅಕ್ರಮ ಟೆಲಿಫೋನ್ ಜಾಲವನ್ನು ಹಿಡಿದರು. ಸಿಕ್ಕಿದ್ದು 32 ಸಿಮ್ ಬಾಕ್ಸುಗಳು, ಏಕಕಾಲಕ್ಕೆ 960 ಸಿಮ್ ಹಾಕಬಹುದಾದಷ್ಟು. ಹೊರದೇಶದಿಂದ ಇಂಟರ್ನೆಟ್ ಮೂಲಕ ಬಂದ ಕರೆ ಆ ಪೆಟ್ಟಿಗೆ ಹೊಕ್ಕು, ಯಾವುದೋ ಸ್ಥಳೀಯ ಸಿಮ್‌ನ ನಂಬರ್ ಹೊತ್ತುಕೊಂಡು ಹೊರಬರುತ್ತದೆ. ನೋಡಿದವರಿಗೆ ಅದು ಪಕ್ಕದ ಊರಿನ ನಂಬರ್. ಇಂಥದ್ದನ್ನು ತಡೆಯಲು 2023ರ ದೂರಸಂಪರ್ಕ ಕಾಯ್ದೆಯಲ್ಲಿ ಗುರುತು ತಿದ್ದುವವರಿಗೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದು ಬಿಗಿಯಾಗಿ ಜಾರಿಯಾಗಲಿ. ಸುಳ್ಳು ನಂಬರ್ ತೋರಿಸುವುದು ವಂಚನೆ, ನಂಬರ್ ತೋರಿಸದಿರುವುದು ಬರೀ ಸಂಕೋಚ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಮೆರಿಕ 2010ರಲ್ಲಿ ಮಾಡಿದ ಕಾನೂನಿನಲ್ಲಿಯೂ ಇದೇ ವಿವೇಕ ಇದೆ: ಮೋಸದ ಉದ್ದೇಶದಿಂದ ಸುಳ್ಳು ಗುರುತು ತೋರಿಸುವುದು ಅಪರಾಧ, ಮುಚ್ಚಿಕೊಳ್ಳುವುದು ಅಲ್ಲ.

ಇನ್ನು ದುಡ್ಡಿಗಾಗಿ ಕರೆ ಮಾಡುವ ಸಂಸ್ಥೆಗಳಿಗೆ ಮುಚ್ಚುವ ಹಕ್ಕು ಎಳ್ಳಷ್ಟೂ ಇರಬಾರದು. ಜರ್ಮನಿ 2009ರಲ್ಲೇ ಜಾಹೀರಾತು ಕರೆಯವರು ನಂಬರ್ ಮರೆಮಾಡುವಂತಿಲ್ಲ ಎಂದಿತು. ನಮ್ಮಲ್ಲಿ ಪ್ರಚಾರದ ಕರೆಗೆ 140ರಿಂದ ಶುರುವಾಗುವ ನಂಬರ್, ಬ್ಯಾಂಕು, ವಿಮೆಯವರ ಸೇವಾ ಕರೆಗೆ 1600ರ ಸರಣಿ ಎಂದು ಗೊತ್ತುಮಾಡಿದ್ದಾರೆ. ಒಳ್ಳೆಯದೇ. ಆದರೆ ಸಾಲ ವಸೂಲಿಯವರು? ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಆದರೆ ಒಂದು ನಂಬರ್ ಬ್ಲಾಕ್ ಮಾಡಿದರೆ ಇನ್ನೊಂದರಿಂದ, ಅದನ್ನೂ ಮಾಡಿದರೆ ಮತ್ತೊಂದರಿಂದ ಕರೆ ಬರುತ್ತಿದ್ದರೆ ಯಾರ ಮೇಲೆ ದೂರು ಕೊಡುವುದು? ಮೈಕ್ರೊಫೈನಾನ್ಸ್ ಕಿರುಕುಳಕ್ಕೆ ಹೆದರಿ ನಮ್ಮ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಸಾಲ ಕೊಟ್ಟ ಸಂಸ್ಥೆ ಒಂದೇ ಗೊತ್ತಾದ ನಂಬರಿನಿಂದ, ತನ್ನ ಹೆಸರು ಹೇಳಿಕೊಂಡು ಮಾತ್ರ ಕರೆ ಮಾಡಬೇಕು ಎಂದು ಕಡ್ಡಾಯ ಮಾಡಿದರೆ ಕಿರುಕುಳದ ಅರ್ಧ ಬಲ ಅಲ್ಲೇ ಉಡುಗುತ್ತದೆ.

ಕಾಡುವ ಗಂಡಸರೇ ನಂಬರ್ ಮುಚ್ಚಿಕೊಂಡು ಕರೆ ಮಾಡಿದರೆ ಎಂಬ ಪ್ರಶ್ನೆಯಿಂದ ನಾನು ತಪ್ಪಿಸಿಕೊಳ್ಳಲಾರೆ. ಮಾಡುತ್ತಾರೆ, ಅನುಮಾನವೇ ಇಲ್ಲ. ಅದಕ್ಕೆ ಯುರೋಪಿನ ಒಕ್ಕೂಟ 2002ರ ನಿರ್ದೇಶನದಲ್ಲಿ ಹಾಕಿಕೊಟ್ಟ ವ್ಯವಸ್ಥೆ ನನಗೆ ಸರಿ ಎನಿಸುತ್ತದೆ. ಕರೆ ಮಾಡುವವರು ನಂಬರ್ ಮುಚ್ಚಬಹುದು. ಎತ್ತುವವರು ಮುಚ್ಚಿದ ಕರೆ ತಮಗೆ ಬಾರದಂತೆ ಬಾಗಿಲು ಹಾಕಿಕೊಳ್ಳಬಹುದು. ಯಾರಾದರೂ ಕಿರುಕುಳದ ದೂರು ಕೊಟ್ಟರೆ ಮುಚ್ಚಿದ್ದನ್ನು ತೆರೆದು ನೋಡುವ ದಾರಿ ಇದೆ. ಆಂಬುಲೆನ್ಸ್, ಪೊಲೀಸ್, ಅಗ್ನಿಶಾಮಕದವರಿಗೆ ಮಾಡಿದ ಕರೆಗೆ ಮುಚ್ಚುವಿಕೆ ನಡೆಯುವುದಿಲ್ಲ. ಅಂದರೆ ನಂಬರ್ ಅಡಗುವುದು ಎದುರಿನವರ ಕಣ್ಣಿಗೆ ಮಾತ್ರ. ಜಾಲಕ್ಕೆ ಗೊತ್ತಿರುತ್ತದೆ, ಕಾನೂನು ಕೇಳಿದರೆ ಸಿಗುತ್ತದೆ. ನಮ್ಮ 112, 108ಕ್ಕೂ ಇದೇ ನಿಯಮ ಸಾಕು.

ಕಷ್ಟದ್ದು ಸಹಾಯವಾಣಿಗಳ ಸಂಗತಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ಗೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮನಸ್ಸಿನ ನೋವು ಹೇಳಿಕೊಳ್ಳಬಹುದು. ನಂಬರ್ ಗೊತ್ತಾಗಿಬಿಡುತ್ತದೆ ಎಂಬ ಅಂಜಿಕೆಯಿಂದಲೇ ಕರೆ ಮಾಡದೆ ಉಳಿಯುವವರು ಇರುತ್ತಾರೆ. ಇನ್ನೊಂದು ಕಡೆ, ಮಾತಾಡುತ್ತಿದ್ದವರು ಸಾವಿನ ಅಂಚಿನಲ್ಲಿದ್ದಾರೆ ಎಂದು ಆಪ್ತಸಮಾಲೋಚಕರಿಗೆ ಅನ್ನಿಸಿದ ಕ್ಷಣದಲ್ಲಿ ಫೋನ್ ಕಡಿದುಹೋದರೆ ನಂಬರೊಂದೇ ದಾರಿ. ಹಾಗಾಗಿ ನಂಬರ್ ಸಮಾಲೋಚಕರ ಪರದೆಯಲ್ಲಿ ಕಾಣದಿರಲಿ, ಜೀವಕ್ಕೆ ಅಪಾಯವೆಂದಾಗ ಮೇಲಿನವರು ತೆಗೆದು ನೋಡುವಂತಿರಲಿ ಎನ್ನುತ್ತೇನೆ. ಕರೆ ಎತ್ತಿದ ಕೂಡಲೇ ಈ ವಿಷಯವನ್ನು ಕರೆ ಮಾಡಿದವರಿಗೆ ಸ್ಪಷ್ಟವಾಗಿ ತಿಳಿಸಬೇಕು.

ತಂತ್ರಜ್ಞಾನ ಇಲ್ಲ ಎಂದು ಹೇಳುವಂತಿಲ್ಲ. ಓಲಾ, ಊಬರ್‌ನಲ್ಲಿ ಗಾಡಿ ಕರೆಸಿದಾಗ ಚಾಲಕನಿಗೆ ನಮ್ಮ ನಂಬರ್ ಕಾಣದು, ನಮಗೆ ಅವನದು ಕಾಣದು. ನಡುವಿನ ಒಂದು ನಂಬರ್ ಇಬ್ಬರನ್ನೂ ಬೆಸೆಯುತ್ತದೆ. ವ್ಯಾಪಾರಕ್ಕೆ ಬೇಕಾದಾಗ ಸಾಧ್ಯವಾದದ್ದು ಆಶಾ ಕಾರ್ಯಕರ್ತೆಗೆ ಯಾಕೆ ಸಾಧ್ಯವಿಲ್ಲ? ಆರೋಗ್ಯ ಇಲಾಖೆ ಅಂಥದೊಂದು ಏರ್ಪಾಟು ಮಾಡಿದರೆ, ಕರೆ ಹೋದ ಮನೆಯಲ್ಲಿ ‘ಪ್ರಾಥಮಿಕ ಆರೋಗ್ಯ ಕೇಂದ್ರ’ ಎಂದು ಮೂಡೀತು, ಅವರ ಸ್ವಂತ ನಂಬರ್ ಅವರ ಹತ್ತಿರವೇ ಉಳಿದೀತು.

ಈ ಮಾತು ಈಗಲೇ ಆಡಬೇಕಾಗಿದೆ, ಯಾಕೆಂದರೆ ನಂಬರಿನ ಜೊತೆ ಹೆಸರೂ ಕಾಣುವ ಕಾಲ ಬಂದಿದೆ. ಸಿಎನ್‌ಎಪಿ ಎಂಬ ಈ ವ್ಯವಸ್ಥೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಫೆಬ್ರುವರಿಯಲ್ಲಿ ಶಿಫಾರಸು ಮಾಡಿತು. ಸಿಮ್ ಕೊಳ್ಳುವಾಗ ಅರ್ಜಿಯಲ್ಲಿ ಬರೆದ ಹೆಸರು ಎದುರಿನವರ ಫೋನಿನಲ್ಲಿ ಮೂಡುತ್ತದೆ. ಮೋಸ ತಡೆಯಲು ಇದು ನೆರವಾದೀತು, ಬ್ಯಾಂಕು, ಕಂಪನಿಗಳ ಹೆಸರು ಕಾಣಲೇಬೇಕು. ಆದರೆ ಎಷ್ಟೋ ಹೆಂಗಸರ ಸಿಮ್ ಅಪ್ಪನ ಹೆಸರಿನಲ್ಲೋ ಗಂಡನ ಹೆಸರಿನಲ್ಲೋ ಇದೆ. ಗಂಡನನ್ನು ಬಿಟ್ಟುಬಂದವಳು ಮಾಡುವ ಪ್ರತಿ ಕರೆಯಲ್ಲೂ ಅವನ ಹೆಸರೇ ಮೂಡುತ್ತದೆ. ಸಿಮ್ ತನ್ನ ಹೆಸರಿನಲ್ಲೇ ಇರುವವಳ ಪೂರ್ತಿ ಹೆಸರು, ಜಾತಿ ಊಹಿಸಲು ಸಾಕಾಗುವ ಅಡ್ಡಹೆಸರಿನ ಸಮೇತ, ಗ್ಯಾಸ್ ಸಿಲಿಂಡರ್ ತರುವವನಿಂದ ಹಿಡಿದು ಬಾಡಿಗೆ ಮನೆ ತೋರಿಸುವವನವರೆಗೆ ಎಲ್ಲರಿಗೂ ಹೋಗುತ್ತದೆ. ಬಾಡಿಗೆ ಮನೆ ಹುಡುಕಿದ ದಲಿತರನ್ನು, ಮುಸ್ಲಿಮರನ್ನು ಕೇಳಿ ನೋಡಿ, ಹೆಸರು ಮೊದಲೇ ಗೊತ್ತಾದರೆ ‘ಮನೆ ಹೋಯ್ತು’ ಎಂಬ ಉತ್ತರ ಎಷ್ಟು ಬೇಗ ಬರುತ್ತದೆ ಎಂದು.

ಟ್ರಾಯ್ ಶಿಫಾರಸಿನಲ್ಲೇ ಒಂದು ವಿನಾಯಿತಿ ಇದೆ. ಸಿಎಲ್ಐಆರ್ ಪಡೆದವರ ಹೆಸರು ತೋರಿಸುವಂತಿಲ್ಲ. ಇಂದು ಕೆಲವೇ ಜನರಿಗೆ ಸಿಗುವ ಆ ರಕ್ಷಣೆಯನ್ನು ಪ್ರತಿ ವೈಯಕ್ತಿಕ ಸಿಮ್‌ಗೂ ವಿಸ್ತರಿಸಿ, ಕರೆಗೊಮ್ಮೆ ಬೇಕೋ ಬೇಡವೋ ಎಂದು ಆರಿಸಿಕೊಳ್ಳುವ ಒಂದು ಕೋಡ್ ಕೊಡಬೇಕು. ಅದಕ್ಕೆ ಕಾಸು ಕೇಳಬಾರದು, ಕಾರಣ ಕೇಳಬಾರದು, ಅರ್ಜಿ ಬರೆಸಿಕೊಳ್ಳಬಾರದು. ದೇಶದ ಎಲ್ಲ ಫೋನುಗಳಲ್ಲಿ ಹೆಸರು ಮೂಡಲು ಶುರುವಾಗುವ ಮೊದಲೇ ಇದು ಆಗಬೇಕು.