ಕೈ ಕೆಸರಾದರೆ ಬಾಯಿ ಮೊಸರು

ಕೆಲಸವಿಲ್ಲದೆ ಕೂತವನನ್ನು ಚುಚ್ಚುವುದಕ್ಕೇ ಈ ಗಾದೆಯನ್ನು ನಾವು ಹೆಚ್ಚಾಗಿ ಬಳಸುತ್ತೇವೆ. ಹುಡುಗ ಸೋಮಾರಿ, ಅದಕ್ಕೇ ಮೊಸರಿಲ್ಲ ಎಂದು ತೀರ್ಮಾನಿಸಿಬಿಡುತ್ತೇವೆ. ಆದರೆ ಕೈ ಕೆಸರು ಮಾಡಿಕೊಳ್ಳಲು ಗದ್ದೆಯೇ ಸಿಗದಿದ್ದರೆ? 1933ರ ಅಮೆರಿಕದಲ್ಲಿ ದುಡಿಯಬಲ್ಲ ನಾಲ್ವರಲ್ಲಿ ಸುಮಾರಾಗಿ ಒಬ್ಬರಿಗೆ ಕೆಲಸವಿರಲಿಲ್ಲ. ಬ್ಯಾಂಕುಗಳು ಮುಳುಗಿದ್ದವು, ಕಾರ್ಖಾನೆಗಳು ಬಾಗಿಲು ಹಾಕಿದ್ದವು. ಅದರಲ್ಲಿ ಆ ಜನರ ಸೋಮಾರಿತನವೇನೂ ಇರಲಿಲ್ಲ.

ಆ ಮಾರ್ಚ್ ಕೊನೆಗೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಕಾನೂನಿನಿಂದ, ಇಂಥವರಿಗೆ ಕೆಲಸ ಕೊಡುವ ‘ಸಿವಿಲಿಯನ್ ಕನ್ಸರ್ವೇಶನ್ ಕೋರ್’ ಎಂಬ ಸರ್ಕಾರಿ ಯೋಜನೆ ಹುಟ್ಟಿತು. ಏಪ್ರಿಲ್‌ನಲ್ಲೇ ವರ್ಜೀನಿಯಾದ ಕಾಡಿನಲ್ಲಿ ಮೊದಲ ಶಿಬಿರ ಎದ್ದಿತು. ಮೊದಲಿಗೆ ಸೇರಿಸಿಕೊಂಡದ್ದು 18ರಿಂದ 25 ವಯಸ್ಸಿನ, ಮದುವೆಯಾಗದ, ಮನೆಯಲ್ಲಿ ಕಷ್ಟವಿದ್ದ ಹುಡುಗರನ್ನು. ಅವರು ಸಸಿ ನೆಟ್ಟರು, ಕೊರಕಲು ಬಿದ್ದ ನೆಲಕ್ಕೆ ಒಡ್ಡು ಹಾಕಿದರು, ಕಾಡಿನೊಳಗೆ ರಸ್ತೆ ಕಡಿದರು. ಕಾಡ್ಗಿಚ್ಚನ್ನೂ ಆರಿಸಬೇಕಿತ್ತು, 1937ರಲ್ಲಿ ವಯೋಮಿಂಗ್‌ನ ಬ್ಲ್ಯಾಕ್‌ವಾಟರ್ ಬೆಂಕಿಯಲ್ಲಿ ಸತ್ತ 15 ಮಂದಿಯಲ್ಲಿ ಹೆಚ್ಚಿನವರು ಈ ಶಿಬಿರಗಳ ಹುಡುಗರೇ.

ಸಂಬಳ ತಿಂಗಳಿಗೆ 30 ಡಾಲರ್. ಅದರಲ್ಲಿ ಸುಮಾರು 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. ಗಾದೆ ನನಗೆ ದೊಡ್ಡದಾಗಿ ಕಾಣುವುದು ಇಲ್ಲಿಯೇ. ಯಾರ ಕೈ ಕೆಸರಾಯಿತೋ ಅವರದೇ ಬಾಯಿಗೆ ಮೊಸರು ಬೀಳಬೇಕೆಂದು ಅದು ಎಲ್ಲೂ ಹೇಳಿಲ್ಲ. ಕಾಡಿನಲ್ಲಿ ಮಗನ ಕೈ ಕೆಸರಾಗುತ್ತಿತ್ತು. ದೂರದ ಊರಿನಲ್ಲಿ ತಾಯಿ, ತಮ್ಮ, ತಂಗಿಯರು ಉಣ್ಣುತ್ತಿದ್ದರು.

ಮುಪ್ಪಿನಲ್ಲಿ ಈ ಹುಡುಗರು ಹೇಳಿಕೊಂಡ ನೆನಪುಗಳಲ್ಲಿ ಊಟದ ಮಾತು ಮತ್ತೆ ಮತ್ತೆ ಬರುತ್ತದೆ. ಮೂರು ಹೊತ್ತೂ ಹೊಟ್ಟೆ ತುಂಬ ತಿಂದದ್ದು, ಮೈ ಕೈ ತುಂಬಿಕೊಂಡದ್ದು, ಅಳತೆಗೆ ಕೂಡದ ಸೈನ್ಯದ ಹಳೆಯ ಬಟ್ಟೆ, ಸಾಲು ಮಂಚಗಳ ಬ್ಯಾರಕ್. ಹಗಲಿಡೀ ಗುದ್ದಲಿ ಹಿಡಿದ ಬೆರಳುಗಳಿಂದ ಸಂಜೆಯ ತರಗತಿಯಲ್ಲಿ ಪೆನ್ಸಿಲ್ ಹಿಡಿದು, ಓದುಬರಹ ಕಲಿತವರು 40,000ಕ್ಕೂ ಹೆಚ್ಚು. ಇದೂ ಮೊಸರೇ ಎಂದು ನಾನು ಎಣಿಸುತ್ತೇನೆ.

1942ರಲ್ಲಿ ಶಿಬಿರಗಳು ಮುಚ್ಚುವ ಹೊತ್ತಿಗೆ ಸುಮಾರು 30 ಲಕ್ಷ ಜನ ಅಲ್ಲಿ ದುಡಿದಿದ್ದರು, ಸುಮಾರು 300 ಕೋಟಿ ಗಿಡಗಳನ್ನು ನೆಟ್ಟಿದ್ದರು. ಬಣ್ಣ ನೋಡಿ ಭೇದ ಮಾಡಕೂಡದೆಂದು ಕಾನೂನಿನಲ್ಲೇ ಬರೆದಿದ್ದರೂ ಕಪ್ಪು ಹುಡುಗರಲ್ಲಿ ಹೆಚ್ಚಿನವರನ್ನು ಬೇರೆ ಶಿಬಿರಗಳಲ್ಲಿ ಇರಿಸಿದರು. ಹೆಣ್ಣುಮಕ್ಕಳನ್ನಂತೂ ಸೇರಿಸಿಕೊಳ್ಳಲೇ ಇಲ್ಲ. ಕೆಸರಿಗಿಳಿಯಲು ಅವರೂ ಸಿದ್ಧರಿದ್ದರು. ಅದನ್ನು ಬಿಟ್ಟು ಈ ಶಿಬಿರಗಳನ್ನು ಹೊಗಳುವುದು ನ್ಯಾಯವಲ್ಲ.